ವಿಮಾನ ಅದಲುಬದಲಿನ ಸುದ್ದಿ ಹಾಕುವ ಮುನ್ನ

ಗೆಳೆಯರೇ, ಯಾವ ವಿಮಾನ ಯಾವ ಕಂಪನಿಗೆ ಹೋಗುತ್ತದೆ ಅನ್ನುವ ಊಹೆ ನಮ್ಮ ಈ ಚರ್ಚಾ ಗುಂಪಿನಲ್ಲಿ ಜಾಸ್ತಿಯಾಗಿದೆ. ಚರ್ಚೆ ಬೇಡ ಅನ್ನುತ್ತಿಲ್ಲ. ಊಹೆಯಾದರೆ 'ಊಹೆ' ಅಂತ ಮೊದಲೇ ಬರೆಯಿರಿ, ಅಷ್ಟೇ.

2024ರ ಅಕ್ಟೋಬರ್ 1ರಂದು ಬೆಂಗಳೂರು ನೆಲೆಯ ವಿಮಾನಯಾನ ಕಂಪನಿ ಎಐಎಕ್ಸ್ ಕನೆಕ್ಟ್ (ಹಿಂದಿನ ಏರ್‌ಏಷ್ಯಾ ಇಂಡಿಯಾ) ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನಲ್ಲಿ ಸೇರಿತು. ನವೆಂಬರ್ 12ರಂದು ವಿಸ್ತಾರಾ ಏರ್ ಇಂಡಿಯಾದಲ್ಲಿ ಸೇರಿತು. ಹೀಗೆ ಕಂಪನಿಗಳು ಒಂದಾದಾಗ ವಿಮಾನಕ್ಕೆ ಬೇರೆ ಬಣ್ಣ ಬಳಿಯಬಹುದು, ಪೈಲಟ್ ಹಾಗೆ ಬದಲಾಗುವುದಿಲ್ಲ ಅಲ್ವಾ? ಬೋಯಿಂಗ್ 737 ಹಾರಿಸುವವರು ಏರ್‌ಬಸ್ ಎ320ಗೆ ಹೋಗಲು ಹೊಸ ಟೈಪ್ ರೇಟಿಂಗ್ (ಆ ಮಾದರಿಯ ವಿಮಾನ ಹಾರಿಸುವ ಅರ್ಹತೆ) ಬೇಕು: ತರಗತಿ, ಸಿಮ್ಯುಲೇಟರ್, ಪರೀಕ್ಷೆ, ವಿಮಾನಯಾನ ನಿಯಂತ್ರಕ ಡಿಜಿಸಿಎ ಒಪ್ಪಿಗೆ. ವಿಮಾನವನ್ನೂ ಹೊಸ ಕಂಪನಿಯ ಪರವಾನಗಿಗೆ ಸೇರಿಸಬೇಕು.

ಸುಮ್ನೆ ಹಾಕಿದ ಮೆಸೇಜ್ ನಂಬಿ ಬಾಡಿಗೆ ಮನೆ, ಮಕ್ಕಳ ಶಾಲೆ ಬದಲಿಸಲು ಹೊರಡುವ ಸಿಬ್ಬಂದಿಯ ಮನೆಯವರಿದ್ದಾರೆ. ರೋಸ್ಟರ್ (ಡ್ಯೂಟಿ ಪಟ್ಟಿ), ಕಂಪನಿಯ ಒಳಗಿನ ಮೇಲ್‌ಗಳ ಫೋಟೊ ಹಾಕಲೇಬೇಡಿ. ಕಂಡರೆ ತೆಗೆದುಹಾಕುತ್ತೇನೆ.