ದೆಹಲಿಯ ರಿಜ್ ಬಗ್ಗೆ ಬರೆಯುತ್ತಿರುವ ತಮ್ಮನಿಗೆ

ಪ್ರೀತಿಯ ತಮ್ಮಾ,

ನಿನ್ನ ಪ್ರಬಂಧ ಕೈಸೇರಿತು. ನಿಧಾನವಾಗಿ ಓದಿದೆ, ಆಮೇಲೆ ಪೆನ್ಸಿಲ್ ಹಿಡಿದು ಮತ್ತೆ ಓದಿದೆ. ದೆಹಲಿಯ ಕಮಲಾ ನೆಹರೂ ರಿಜ್ ಬಗ್ಗೆ ಕನ್ನಡದಲ್ಲಿ ಯಾರಾದರೂ ಮನಸ್ಸಿಟ್ಟು ಬರೆಯಲಿ ಎಂಬ ಆಸೆ ನನಗೆ ಬಹಳ ಕಾಲದಿಂದ ಇತ್ತು. ಆ ಗುಡ್ಡದ ಮಗ್ಗುಲಿನ ವಿಶ್ವವಿದ್ಯಾಲಯದಲ್ಲೇ ಓದುತ್ತಿರುವ ನೀನು ಕೈ ಹಾಕಿದ್ದು ನಿಜಕ್ಕೂ ಸಂತೋಷ ತಂದಿದೆ. ನಿನ್ನ ಭಾಷೆಯ ಬಗ್ಗೆ ನನಗೆ ಚಿಂತೆಯಿಲ್ಲ. ಹಾಗಾಗಿ ನೇರವಾಗಿ ತಿದ್ದಬೇಕಾದ ಕಡೆಗೇ ಬರುತ್ತೇನೆ.

ಮೊದಲ ಸಾಲು. 'ಈ ದಟ್ಟ ಮರಗಳ ನೆರಳಲ್ಲಿ ಅಂದು ಫಿರಂಗಿಗಳು ಗುಡುಗಿದ್ದವು' ಎಂದು ಶುರು ಮಾಡಿದ್ದೀಯ. ಫಿರಂಗಿ ಗುಡುಗಿದ್ದು ನಿಜ. ಆದರೆ ಮರಗಳೇ ಇರಲಿಲ್ಲ. ಆ ಮರದ ಹತ್ತಿರ ಹೋಗಿ ನೋಡು. ಹುಣಸೆ ಎಲೆಗಿಂತ ಸಣ್ಣ ಎಲೆ, ಗೆಣ್ಣಿಗೆ ಜೋಡಿ ಮುಳ್ಳು, ನೆಲದ ತುಂಬ ಬಿದ್ದ ಹಳದಿ ಕಾಯಿ. ಅದನ್ನು ನೀನು ಸಿರುಗುಪ್ಪದ ಕಡೆ ಕಾಲುವೆಯ ದಂಡೆಯಲ್ಲಿ, ಬೀಳುಬಿದ್ದ ಹೊಲದಲ್ಲಿ ಹುಟ್ಟಿದಾಗಿನಿಂದ ನೋಡಿದ್ದೀಯ. ನಮ್ಮ ಬಳ್ಳಾರಿ ಜಾಲಿ! ದೆಹಲಿಯವರು ವಿಲಾಯತಿ ಕೀಕರ್ ಎನ್ನುತ್ತಾರೆ. ಮೆಕ್ಸಿಕೋ, ದಕ್ಷಿಣ ಅಮೆರಿಕದ ಕಡೆಯ ಗಿಡ; 1911ರಲ್ಲಿ ರಾಜಧಾನಿ ಕಲ್ಕತ್ತೆಯಿಂದ ದೆಹಲಿಗೆ ಬಂದ ಮೇಲೆ ಗುಡ್ಡವನ್ನು ಹಸಿರು ಮಾಡಲು ಬ್ರಿಟಿಷರು ನೆಟ್ಟರು, ಅದು ಉಳಿದ ಗಿಡಗಳನ್ನೆಲ್ಲ ಹಿಂದಕ್ಕೆ ತಳ್ಳಿ ಹಬ್ಬಿತು. ಸಿಪಾಯಿಗಳು ಬ್ರಿಟಿಷರ ವಿರುದ್ಧ ದಂಗೆಯೆದ್ದ 1857ರಲ್ಲಿ ಅಲ್ಲಿದ್ದದ್ದು ಅರಾವಳಿಯ ಬೋಳು ಬಂಡೆ, ಅಲ್ಲೊಂದು ಇಲ್ಲೊಂದು ಕುರುಚಲು. ಮರುವರ್ಷವೇ ಫೆಲಿಚೆ ಬೆಯಾಟೊ ಎಂಬ ಛಾಯಾಗ್ರಾಹಕ ಅಲ್ಲಿ ಓಡಾಡಿ ತೆಗೆದ ಚಿತ್ರಗಳಿವೆ, ಹುಡುಕಿ ನೋಡು. ನಿನ್ನ ಪ್ರಬಂಧದ ಕಾಡು ಆ ಚಿತ್ರಗಳಲ್ಲಿ ಎಲ್ಲೂ ಇಲ್ಲ.

ಇದು ಬರೀ ಸಸ್ಯಶಾಸ್ತ್ರದ ತಕರಾರು ಎಂದುಕೊಳ್ಳಬೇಡ. ಆ ಗುಡ್ಡದ ಮೇಲೆ ಯಾಕೆ ಯುದ್ಧ ನಡೆಯಿತು ಎಂಬುದನ್ನೇ ಈ ಮರಗಳು ಮುಚ್ಚಿಬಿಟ್ಟಿವೆ. ಇವತ್ತು ನೀನು ಗುಡ್ಡದ ಮೇಲಿನ ಫ್ಲ್ಯಾಗ್‌ಸ್ಟಾಫ್ ಟವರ್ ಬುಡದಲ್ಲಿ ನಿಂತರೆ ಎಲೆ ಬಿಟ್ಟು ಬೇರೇನೂ ಕಾಣುವುದಿಲ್ಲ. ಅಂದು ಅಲ್ಲಿಂದ ಶಹಜಹಾನಾಬಾದಿನ, ಅಂದರೆ ಈಗಿನ ಹಳೆ ದೆಹಲಿಯ, ಕೋಟೆಗೋಡೆ ಕಾಣುತ್ತಿತ್ತು, ಅದರಾಚೆಯ ಊರೂ ಕಾಣುತ್ತಿತ್ತು. ಮೇ 11ರಂದು ಮೀರತ್‌ನಿಂದ ಬಂದ ಸಿಪಾಯಿಗಳು ಊರು ಹೊಕ್ಕಾಗ ಬ್ರಿಟಿಷ್ ಸಂಸಾರಗಳು ಆ ಗೋಪುರದೊಳಗೆ ಕಿಕ್ಕಿರಿದು ನಿಂತದ್ದು ಅದಕ್ಕೇ. ಮೀರತ್‌ನಿಂದ ಸಹಾಯ ಬರುತ್ತದೆಂದು ಇಡೀ ದಿನ ಕಾದರು, ಬರಲಿಲ್ಲ. ಸಂಜೆ ಕರ್ನಾಲದ ದಾರಿ ಹಿಡಿದು ಓಡಿದರು. ಜೂನ್ 8ರಂದು ಬಾದ್ಲಿ ಕಿ ಸರಾಯಿಯಲ್ಲಿ ಗೆದ್ದು ಬ್ರಿಟಿಷ್ ಸೇನೆ ಅದೇ ಗುಡ್ಡವನ್ನು ಹತ್ತಿ ಕೂತಿತು. ಸೆಪ್ಟೆಂಬರ್ 14ರ ದಾಳಿಯವರೆಗೆ, ಮೂರು ತಿಂಗಳಿಗೂ ಮಿಕ್ಕಿ, ಒಂದೆರಡು ಕಿಲೋಮೀಟರ್ ದೂರದಲ್ಲಿ ಕಣ್ಣೆದುರೇ ಇದ್ದ ಊರಿಗೆ ಹೋಗಲಾಗದೆ ಕೂತಿತು.

ನಿನ್ನ ಪ್ರಬಂಧದಲ್ಲಿ ಈ ಮೂರು ತಿಂಗಳು ಒಂದೇ ವಾಕ್ಯದಲ್ಲಿ ಮುಗಿದುಹೋಗಿದೆ, ಕೊನೆಯ ದಿನದ ಕತ್ತಿವರಸೆಗೆ ಎರಡು ಪುಟ. ನಾನಾದರೆ ತಿರುಗಿಸಿ ಬರೆಯುತ್ತಿದ್ದೆ. ಜೂನ್ ತಿಂಗಳ ದೆಹಲಿಯ ಬಂಡೆ ಹೇಗೆ ಕಾಯುತ್ತದೆಂದು ನಿನಗೆ ಗೊತ್ತು. ಆ ಬಿಸಿಲಲ್ಲಿ ಸುತ್ತಲೂ ಸತ್ತ ಒಂಟೆ ಎತ್ತುಗಳು, ನೊಣ, ಆಮೇಲೆ ಮಳೆ, ಕಾಲರಾ. ಬ್ರಿಟಿಷರ ಒಬ್ಬ ಸೇನಾಪತಿ ಆನ್ಸನ್ ದೆಹಲಿ ತಲುಪುವ ಮೊದಲೇ ಕರ್ನಾಲದಲ್ಲಿ ಕಾಲರಾಕ್ಕೆ ಸತ್ತ. ಅವನ ಜಾಗಕ್ಕೆ ಬಂದ ಬರ್ನಾರ್ಡ್ ಜುಲೈ 5ರಂದು ಗುಡ್ಡದ ಶಿಬಿರದಲ್ಲೇ ಅದೇ ರೋಗಕ್ಕೆ ಬಲಿಯಾದ. ಮೂರನೆಯವನಾದ ರೀಡ್ ಕಾಯಿಲೆ ಬಿದ್ದು ಅಧಿಕಾರ ಬಿಟ್ಟುಕೊಟ್ಟ. ಆಚೆ ಕಡೆ ಊರೊಳಗಿಂದ ಸಿಪಾಯಿಗಳು ಮತ್ತೆ ಮತ್ತೆ ಏರಿ ಬಂದರು. ಜೂನ್ 23ರಂದು, ಪ್ಲಾಸಿ ಕದನಕ್ಕೆ ಸರಿಯಾಗಿ ನೂರು ವರ್ಷ ತುಂಬಿದ ದಿನ, ಬೆಳಗಿನಿಂದ ಸಂಜೆಯವರೆಗೆ ಗುಡ್ಡದ ದಕ್ಷಿಣ ತುದಿಯ ಮೇಲೆ ಮುಗಿಬಿದ್ದರು. ಜುಲೈ ಶುರುವಿನಲ್ಲಿ ಬರೇಲಿಯಿಂದ ಸಿಪಾಯಿಗಳ ನಾಯಕ ಬಖ್ತ್ ಖಾನ್ ಬಂದು ಸೇರಿಕೊಂಡ. ಎರಡೂ ಕಡೆಯವರು ಕಾಯುತ್ತಿದ್ದರು, ಹಸಿಯುತ್ತಿದ್ದರು, ಹೆದರುತ್ತಿದ್ದರು. ಈ ಕಾಯುವಿಕೆಯನ್ನು ಬರೆ. ಕತ್ತಿ ಝಳಪಿಸುವ ವಾಕ್ಯ ಯಾವ ರಣರಂಗಕ್ಕೂ ಒಗ್ಗುತ್ತದೆ. ಈ ಮೂರು ತಿಂಗಳು ಮಾತ್ರ ಈ ಗುಡ್ಡದ್ದು.

ಇನ್ನೊಂದು ವಿಷಯ ನಿನಗೆ ಹೊಳೆದಿಲ್ಲ ಅನ್ನಿಸಿತು. ಬ್ರಿಟಿಷರ ಡೇರೆಗಳಿದ್ದದ್ದು ಗುಡ್ಡದ ನೆತ್ತಿಯ ಮೇಲಲ್ಲ, ಅದರ ಪಶ್ಚಿಮದ ಮಗ್ಗುಲಲ್ಲಿ, ಊರಿನ ಕಣ್ಣಿಗೆ ಬೀಳದ ಹಳೆಯ ಕಂಟೋನ್ಮೆಂಟಿನ ಬಯಲಿನಲ್ಲಿ. ಅಂದರೆ ನಿನ್ನ ಕ್ಯಾಂಪಸ್ಸಿನ ಸುತ್ತಿನ ನೆಲದಲ್ಲಿ. ನೀನು ರಣರಂಗ ನೋಡಲು ಗುಡ್ಡ ಹತ್ತಿ ಹೋದೆ ಎಂದು ಬರೆದಿದ್ದೀಯ; ಶಿಬಿರದೊಳಗಿಂದಲೇ ಹೊರಟಿದ್ದೀಯ, ತಮ್ಮಾ. ಅಲ್ಲಿಂದಲೇ ಶುರು ಮಾಡಬಾರದೇಕೆ?

ಶೀರ್ಷಿಕೆಯನ್ನೂ ಬದಲಿಸು. 'ರಣರಂಗದಿಂದ ಉದ್ಯಾನಕ್ಕೆ' ಎಂದರೆ ಮೊದಲು ರಕ್ತ, ಆಮೇಲೆ ಹೂವು ಎಂಬ ಸಲೀಸಾದ ದಾರಿ ಸಿಕ್ಕಿಬಿಡುತ್ತದೆ. ದೆಹಲಿಯಲ್ಲಿ ನಡೆದದ್ದು ಹಾಗಲ್ಲ. ಗುಡ್ಡದ ಬುಡದ ಸಬ್ಜಿಮಂಡಿಯ ಸುತ್ತ ಆಗ ಗೋಡೆ ಕಟ್ಟಿದ ತೋಟಗಳಿದ್ದವು. ಸಿಪಾಯಿಗಳು ಅವುಗಳ ಮರೆಯಲ್ಲೇ ಏರಿ ಬರುತ್ತಿದ್ದರು. ಕಾಶ್ಮೀರಿ ಗೇಟ್ ಬಸ್ ನಿಲ್ದಾಣದ ಮಗ್ಗುಲಿಗಿರುವ ಕುದ್‌ಸಿಯಾ ಬಾಗ್ ನೋಡಿದ್ದೀಯಲ್ಲ? ಮೊಘಲ್ ಬಾದಶಹ ಅಹ್ಮದ್ ಶಾಹನ ತಾಯಿ ಕುದ್‌ಸಿಯಾ ಬೇಗಂಗಾಗಿ 1748ರ ಸುಮಾರಿಗೆ ಎದ್ದ ಉದ್ಯಾನ ಅದು. ಸೆಪ್ಟೆಂಬರಿನಲ್ಲಿ ಬ್ರಿಟಿಷರು ಗುಡ್ಡದಿಂದ ಕೆಳಗಿಳಿದು ಕೋಟೆಗೋಡೆ ಒಡೆಯಲು ಫಿರಂಗಿ ಹೂಡಿದ ಜಾಗಗಳಲ್ಲಿ ಅದೂ ಒಂದು. ಉದ್ಯಾನ ರಣರಂಗವಾಗಿ, ಮತ್ತೆ ಉದ್ಯಾನವಾಗಿದೆ. ಒಂದು ಹೆಬ್ಬಾಗಿಲು, ಒಂದು ಮಸೀದಿ ಉಳಿದಿವೆ. ಗುಡ್ಡದಿಂದ ಅಲ್ಲಿಗೆ, ಅಲ್ಲಿಂದ ಕಾಶ್ಮೀರಿ ಗೇಟಿಗೆ ಮೆಟ್ರೋ ಬಿಟ್ಟು ನಡೆದೇ ಹೋಗು. ಗೇಟಿನ ಇಟ್ಟಿಗೆ ಗೋಡೆಯಲ್ಲಿ ಫಿರಂಗಿ ಗುಂಡು ಬಿದ್ದ ಗುಳಿಗಳು ಇವತ್ತಿಗೂ ಇವೆ. ಓದಿದ್ದನ್ನು ಆಮೇಲೆ ಸೇರಿಸಿದರಾಯಿತು. ಅಷ್ಟು ದೂರವನ್ನು ಮೊದಲು ಕಾಲು ಅಳೆಯಲಿ.

ಈಗ ನಾನು ಹೆಚ್ಚು ಹೊತ್ತು ಕೂತ ಪುಟಕ್ಕೆ ಬರುತ್ತೇನೆ: ಅಜಿತ್‌ಗಢ. ಆ ಕೆಂಪು ಕಲ್ಲಿನ ಎಂಟು ಮೂಲೆಯ ಗೋಪುರವನ್ನು ನೀನು 'ಬ್ರಿಟಿಷರ ದರ್ಪದ ಕುರುಹು' ಎಂದು ಒಂದೇ ಮಾತಲ್ಲಿ ಮುಗಿಸಿದ್ದೀಯ. ಅದನ್ನು ಕಟ್ಟಿದ್ದು 1863ರಲ್ಲಿ, ಗೆದ್ದವರ ಸ್ಮಾರಕವಾಗಿ. ದರ್ಪ ಇದೆ, ಸುಳ್ಳಲ್ಲ. ಆದರೆ ಅದರ ಫಲಕಗಳನ್ನು ಸುತ್ತು ಹಾಕಿ ಓದಿದೆಯಾ? ಅದು ಹೇಳಿಕೊಳ್ಳುವುದು ಬ್ರಿಟಿಷರ ಕಡೆ ಕಾದಿ ಸತ್ತ ಆಂಗ್ಲ, ದೇಶೀ ಎರಡೂ ಬಗೆಯ ಸೈನಿಕರ ನೆನಪಿಗೆ ಎಂದು. ಆ ಸೇನೆಯಲ್ಲಿ ಗೂರ್ಖಾಗಳಿದ್ದರು, ಸಿಖ್ಖರಿದ್ದರು, ಗಡಿಯ ಪಠಾಣರಿದ್ದರು. ಗುಡ್ಡದ ದಕ್ಷಿಣ ತುದಿಯ ಹಿಂದೂ ರಾವ್ ಮನೆಯನ್ನು ಅಷ್ಟೂ ದಿನ ಹಿಡಿದುಕೊಂಡದ್ದು ಸಿರ್ಮೂರ್ ಪಲ್ಟನ್ನಿನ ಗೂರ್ಖಾಗಳು. (ಈ ಹಿಂದೂ ರಾವ್ ನಮ್ಮ ನಿಪ್ಪಾಣಿ ದಾಟಿದರೆ ಸಿಗುವ ಕಾಗಲ್‌ನ ಘಾಟಗೆ ಮನೆತನದವನು, ಗ್ವಾಲಿಯರ್ ಸಿಂಧಿಯಾರ ರಾಣಿ ಬಾಯಜಾಬಾಯಿಯ ಅಣ್ಣತಮ್ಮಂದಿರ ಪೈಕಿ. ಯುದ್ಧದ ಹೊತ್ತಿಗೆ ಅವನು ಬದುಕಿರಲಿಲ್ಲ. ಈಗ ಅವನ ಹೆಸರಿನಲ್ಲಿ ಅಲ್ಲೊಂದು ದೊಡ್ಡ ಆಸ್ಪತ್ರೆ.) ಫಲಕಗಳಲ್ಲಿ ಅಧಿಕಾರಿಗಳಿಗೆ ಹೆಸರಿದೆ, ಸಾಮಾನ್ಯ ಸಿಪಾಯಿಗೆ ಲೆಕ್ಕ ಮಾತ್ರ. ಎದುರಾಳಿಗಳನ್ನು ಶತ್ರು ಎಂದು ಕರೆದು ಬಿಟ್ಟಿದ್ದಾರೆ.

ಸ್ವತಂತ್ರ ಭಾರತ ಆ ಬರಹವನ್ನು ಕೆತ್ತಿ ತೆಗೆಯಲಿಲ್ಲ. ಸ್ವಾತಂತ್ರ್ಯದ ಬೆಳ್ಳಿಹಬ್ಬದ ವರ್ಷ, 1972ರಲ್ಲಿ, ಗೋಪುರಕ್ಕೆ ಅಜಿತ್‌ಗಢ ಎಂದು ಹೆಸರಿಟ್ಟು ಇನ್ನೊಂದು ಫಲಕ ಹಾಕಿತು: ಇಲ್ಲಿ ಶತ್ರು ಎಂದಿರುವವರು ಪರಕೀಯ ಆಳ್ವಿಕೆಯ ವಿರುದ್ಧ ಎದ್ದು ದೇಶದ ಬಿಡುಗಡೆಗಾಗಿ ಧೈರ್ಯದಿಂದ ಹೋರಾಡಿದವರು ಎಂದು. ಹಳೆಯ ಕಲ್ಲು ಹಾಗೇ ಇದೆ, ಹೊಸ ಕಲ್ಲು ಅದಕ್ಕೆ ಉತ್ತರ ಕೊಡುತ್ತಿದೆ. ನಿನ್ನ ಪ್ರಬಂಧಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನ್ನಿಂದ ಸಿಗಲಾರದು. ಸಿಟ್ಟು ಬಂದ ಕಡೆ ಹಳೆಯ ಮಾತನ್ನು ಅಳಿಸಬೇಡ. ಪೂರ್ತಿ ಓದಲು ಬಿಡು, ಪಕ್ಕದಲ್ಲಿ ನಿನ್ನ ಮಾತು ನಿಲ್ಲಿಸು.

ಎರಡೂ ಫಲಕಗಳಲ್ಲಿ ಇಲ್ಲದವರನ್ನು ಹುಡುಕುವುದು ಇನ್ನೂ ದೊಡ್ಡ ಕೆಲಸ. ಬೆನ್ನಿಗೆ ಚರ್ಮದ ಚೀಲ ಕಟ್ಟಿಕೊಂಡು ಗುಡ್ಡಕ್ಕೆ ನೀರು ಹೊತ್ತ ಭಿಸ್ತಿಗಳು, ಗಾಯಾಳುಗಳ ಡೋಲಿ ಹೊತ್ತವರು, ಕುದುರೆಗೆ ಹುಲ್ಲು ತಂದವರು, ರಾತ್ರಿಯೆಲ್ಲ ಗುಂಡಿನ ಮಳೆಯಲ್ಲಿ ಫಿರಂಗಿ ಕಟ್ಟೆಗೆ ಮಣ್ಣು ಹೊತ್ತ ಕೂಲಿಗಳು. ಕೈಯಲ್ಲಿ ಆಯುಧವಿರಲಿಲ್ಲ, ಸತ್ತರು. ಊರೊಳಗಿನ ಅಂಗಡಿಕಾರರು, ಕುಂಬಾರರು, ಹೆಂಗಸರು. ಇವರ ದನಿ ಕೇಳಬೇಕಾದರೆ ನಿನಗೆ ದೂರ ಹೋಗಬೇಕಿಲ್ಲ. ಜನಪಥದ ರಾಷ್ಟ್ರೀಯ ಪತ್ರಾಗಾರದಲ್ಲಿ 1857ರ ಕಾಗದಪತ್ರಗಳ ರಾಶಿಯೇ ಇದೆ. ಮುತ್ತಿಗೆಯ ದಿನಗಳಲ್ಲಿ ಬಾದಶಹ ಬಹಾದೂರ್ ಶಾ ಜಫರನ ದರ್ಬಾರಿಗೆ, ಕೊತ್ವಾಲನಿಗೆ ಬಂದ ಅರ್ಜಿಗಳು, ಹೋದ ಹುಕುಂಗಳು. ಕೂಲಿಗಳನ್ನು ಕಳಿಸಿ, ಮಂಚ ಕಳಿಸಿ, ಗಾಡಿ ಕಳಿಸಿ. ಸಿಪಾಯಿಗಳು ನನ್ನ ಅಂಗಡಿ ದೋಚಿದರು, ನ್ಯಾಯ ಕೊಡಿ. ಉರ್ದು ಫಾರ್ಸಿ ಬಾರದಿದ್ದರೆ ಎದೆಗುಂದಬೇಡ. 1921ರಲ್ಲಿ ಅಚ್ಚಾದ ಇಂಗ್ಲಿಷ್ ಸೂಚಿಯಿದೆ, ಒಂದೊಂದು ಕಾಗದದ ಸಾರವನ್ನೂ ಒಂದೆರಡು ಸಾಲಿನಲ್ಲಿ ಕೊಟ್ಟಿದ್ದಾರೆ. ನಿನ್ನ ಜೊತೆ ಓದುವವರಲ್ಲಿ ಉರ್ದು ಬಲ್ಲವರು ಖಂಡಿತ ಇದ್ದಾರೆ, ಚಹಾ ಕುಡಿಸಿ ಕೂರಿಸಿಕೋ.

ಹೀಗೆ ಬರೆಯುವುದು ಕನ್ನಡಕ್ಕೆ ಹೊಸದಲ್ಲ. ಅದೇ 1857ರ ನವೆಂಬರಿನಲ್ಲಿ ಕಂಪನಿ ಸರ್ಕಾರ ಹತಾರ ಒಪ್ಪಿಸಿ ಎಂದಾಗ ಒಪ್ಪದೆ ನಿಂತ ಹಲಗಲಿಯ ಬೇಡರ ಲಾವಣಿಯನ್ನು ನೀನು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೀಯ. ಫ್ಲೀಟ್ ಎಂಬ ಆಂಗ್ಲ ಅಧಿಕಾರಿ ಅದನ್ನು ಸಂಗ್ರಹಿಸಿ ಉಳಿಸಿದ. ಈಗ ಬರಹಗಾರನ ಕಣ್ಣಿನಿಂದ ಓದು. ಹನುಮ, ಬಾಲ, ಜಡಗ, ರಾಮ ಎಂದು ಒಬ್ಬೊಬ್ಬರ ಹೆಸರು ಹಿಡಿದು ಕರೆಯುತ್ತಾನೆ ಲಾವಣಿಕಾರ. ಊರು ಸುಟ್ಟದ್ದನ್ನು ಹೇಳುವಾಗ ಸೈನ್ಯ ಏನೇನು ಹೊತ್ತೊಯ್ಯಿತು ಎಂಬುದನ್ನು ಒಂದೊಂದಾಗಿ ಎಣಿಸುತ್ತಾನೆ: ಉಪ್ಪು, ಎಣ್ಣೆ, ಅರಿಶಿನ, ಜೀರಿಗೆ, ಬೆಲ್ಲ, ಚರಗಿ, ಕೊನೆಗೆ ಬೀಸುವ ಕಲ್ಲು. ಎಲ್ಲೂ ಗೋಳಾಡುವುದಿಲ್ಲ. ಬೀಸುವ ಕಲ್ಲನ್ನೂ ಬಿಡಲಿಲ್ಲ ಎಂದರೆ ಆ ಮನೆಗಳಲ್ಲಿ ಏನು ಉಳಿದಿರಬಹುದು ಎಂದು ಕೇಳಿದವನಿಗೇ ಗೊತ್ತಾಗುತ್ತದೆ. ನಿನ್ನ ಪ್ರಬಂಧದ 'ಭೀಕರ', 'ರಕ್ತಸಿಕ್ತ', 'ರೋಮಾಂಚಕ'ಗಳಿಗೆಲ್ಲ ಪೆನ್ಸಿಲಿನಿಂದ ಗೆರೆ ಎಳೆದಿದ್ದೇನೆ. ಅವುಗಳ ಜಾಗದಲ್ಲಿ ಆ ಪತ್ರಾಗಾರದ ಒಂದು ಮಂಚ, ಒಂದು ಗಾಡಿ ಬರಲಿ.

ಕೊನೆಯ ಭಾಗ ಓದುವಾಗ ನನಗೆ ನೋವಾಯಿತು. ಬೆಳಿಗ್ಗೆ ವಾಕಿಂಗ್ ಬರುವವರು, ಪೊದೆಯ ಮರೆಯಲ್ಲಿ ಕೂತ ಜೋಡಿಗಳು, ಕೋತಿಗಳಿಗೆ ಬಾಳೆಹಣ್ಣು ಹಾಕುವ ಮುದುಕರು, ಇವರೆಲ್ಲ ಇತಿಹಾಸ ಮರೆತವರು ಎಂದು ಗದರಿದ್ದೀಯ. ಯಾರನ್ನಾದರೂ ಮಾತಾಡಿಸಿದೆಯಾ? ಅಲ್ಲೇ ಹತ್ತಿರದ ಗುರು ತೇಗ್ ಬಹಾದೂರ್ ನಗರ ಹಿಂದೆ ಕಿಂಗ್ಸ್‌ವೇ ಕ್ಯಾಂಪ್. ವಿಭಜನೆಯಲ್ಲಿ ಪಶ್ಚಿಮ ಪಂಜಾಬಿನಿಂದ ಓಡಿಬಂದವರ ದೊಡ್ಡ ನಿರಾಶ್ರಿತರ ಶಿಬಿರ. ಆ ಗುಡ್ಡದಲ್ಲಿ ಕೋಲೂರಿ ನಡೆಯುವ ಮುದುಕರಲ್ಲಿ ಕೆಲವರಾದರೂ ಆ ಡೇರೆಗಳಲ್ಲಿ ಬೆಳೆದವರು, ಇಲ್ಲವೇ ಅಲ್ಲಿ ಬೆಳೆದವರ ಮಕ್ಕಳು. ಉಸಿರಾಡಲು ಜಾಗ ಸಿಗದ ಊರಲ್ಲಿ ಅವರು ಆ ಬಂಡೆಗಳ ನಡುವೆ ಬರುತ್ತಾರೆ. ಮನೆಯಲ್ಲಿ ಮಾತಾಡಲಾಗದ ಹುಡುಗ ಹುಡುಗಿಯರಿಗೂ ಆ ಊರಲ್ಲಿ ಅಂಥ ಜಾಗ ಕಡಿಮೆ. ಒಂದು ಗುಡ್ಡ ಜನರಿಗೆ ಇಷ್ಟು ಕೊಡುತ್ತಿದ್ದರೆ ಅದನ್ನು ಮರೆವು ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಸತ್ತವರಿಗೆ ನೀನು ಕೊಟ್ಟ ಮರ್ಯಾದೆಯನ್ನೇ ಇವರಿಗೂ ಕೊಟ್ಟು ಆ ಭಾಗವನ್ನು ಮತ್ತೆ ಬರೆ. ಹೆಸರು ಕೇಳು, ಎಲ್ಲಿಂದ ಬಂದರು ಕೇಳು, ಎಷ್ಟು ಹೊತ್ತಿಗೆ ಬರುತ್ತಾರೆ, ಯಾವ ಕಲ್ಲುಬೆಂಚು ಅವರದು ಎಂದು ನೋಡು. ಪ್ರಬಂಧದಲ್ಲಿ ಹೆಸರು ಹಾಕುವುದಾದರೆ ಅವರನ್ನು ಕೇಳಿಯೇ ಹಾಕು.

ಗುಡ್ಡದ ಮೇಲಿನ ಹಳೆಯ ಗುರುತುಗಳಾದ ಅಶೋಕಸ್ತಂಭ, ಪೀರ್ ಗೈಬ್, ಫಿರೋಜ್ ಶಾಹನ ಬಾವಡಿ ಇವೆಲ್ಲ ಸೊಗಸಾಗಿ ಬಂದಿವೆ, ಆದರೆ ಈ ಪ್ರಬಂಧದಲ್ಲಿ ಬೇಡ. ತೆಗೆದು ಬೇರೆ ಕಡತದಲ್ಲಿ ಇಡು, ಅವಕ್ಕೇ ಒಂದು ಪ್ರಬಂಧವಾದೀತು.

ಪತ್ರಾಗಾರಕ್ಕೆ ಹೋಗುವಾಗ ಗುರುತಿನ ಚೀಟಿಯ ಜೊತೆ ನಿಮ್ಮ ವಿಭಾಗದಿಂದ ಒಂದು ಪತ್ರ ಬರೆಸಿಕೊಂಡು ಹೋಗು, ಓಡಾಟ ಉಳಿಯುತ್ತದೆ. ಮುಂದಿನ ಕರಡಿನಲ್ಲಿ ಮೊದಲು ಅಜಿತ್‌ಗಢದ ಭಾಗ ಕಳಿಸು. ಅದನ್ನು ಓದಲು ಕಾದಿದ್ದೇನೆ. ದೀಪಾವಳಿಗೆ ಊರಿಗೆ ಬಂದರೆ ಮನೆಗೆ ಬಾ, ಗುರುತು ಹಾಕಿದ ಪ್ರತಿಯನ್ನು ಮುಂದಿಟ್ಟುಕೊಂಡು ಮಾತಾಡೋಣ. ಅವ್ವ ಅಪ್ಪನಿಗೆ ನನ್ನ ನಮಸ್ಕಾರ ಹೇಳು.

ನಿನ್ನ,
ಅಣ್ಣ