ಕೊಬ್ಬರಿ ತಕ್ಕಡಿಯಲ್ಲಿ ತೂಗಿದ ಕ್ರಿಕೆಟ್ ಚೆಂಡು

ಸಂಪಾದಕರಿಗೆ ನಮಸ್ಕಾರ,

ನಾನು ಅರಸೀಕೆರೆಯವಳು. ಮನೆಯವರ ಜೊತೆ ಕೊಬ್ಬರಿ ಮಂಡಿ ನೋಡಿಕೊಳ್ಳುತ್ತೇನೆ. ನಿಮ್ಮ ಪೇಪರ್ ಇಪ್ಪತ್ತು ವರ್ಷದಿಂದ ಮನೆಗೆ ಬರುತ್ತಿದೆ, ಇವತ್ತಿನವರೆಗೆ ಒಂದು ಸಾಲೂ ಬರೆದಿರಲಿಲ್ಲ. ಈಗ ಬರೆಸಿದ್ದು ಒಂದು ಚೆಂಡು.

ನನ್ನ ಮಗಳಿಗೆ ಹದಿಮೂರು ವರ್ಷ. ಲೆಗ್ ಸ್ಪಿನ್ ಹಾಕುತ್ತಾಳೆ. ಟೆನಿಸ್ ಬಾಲ್‌ನಲ್ಲಿ ಚೆನ್ನಾಗಿಯೇ ತಿರುಗಿಸುತ್ತಿದ್ದಳು. ಲೆದರ್ ಬಾಲ್ ಕೈಗೆ ಬಂದ ಮೇಲೆ ಎಲ್ಲಾ ಕೆಟ್ಟಿತು. ಒಂದು ಫುಲ್‌ಟಾಸ್ ಹೋಗುತ್ತದೆ, ಇನ್ನೊಂದು ಅರ್ಧ ದಾರಿಯಲ್ಲೇ ಕುಪ್ಪಳಿಸುತ್ತದೆ, ಸಂಜೆ ಮನೆಗೆ ಬಂದರೆ ಉಂಗುರದ ಬೆರಳು ಕೆಂಪಾಗಿರುತ್ತದೆ. ಮೈದಾನದಲ್ಲಿ ಒಬ್ಬರು ದೊಡ್ಡವರು 'ಬೆರಳು ಸಣ್ಣ, ಹುಡುಗಿಯರಿಗೆ ಇದು ಆಗಲ್ಲ ಬಿಡಮ್ಮ' ಅಂದುಬಿಟ್ಟರು. ಒಂದು ವಾರ ಅವಳು ಮೈದಾನಕ್ಕೇ ಹೋಗಲಿಲ್ಲ. ಆಮೇಲೆ ಒಂದು ರಾತ್ರಿ ಫೋನ್ ಹಿಡಿದುಕೊಂಡು ಬಂದು, 'ಅಮ್ಮಾ, ನನ್ನ ಹತ್ರ ಇರೋದು ಗಂಡಸರ ಬಾಲ್ ಅಂತೆ' ಅಂದಳು.

ಬೆಳಿಗ್ಗೆ ಮಂಡಿಗೆ ತಂದು ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಇಟ್ಟೆ. 161 ಗ್ರಾಂ. ನಿಯಮ ಹೇಳುವುದು ಇಷ್ಟು. ಗಂಡಸರ ಚೆಂಡು ಸುಮಾರು 156ರಿಂದ 163 ಗ್ರಾಂ. ಹೆಂಗಸರದ್ದು 140ರಿಂದ 151, ಸುತ್ತಳತೆಯೂ ಕಮ್ಮಿ. ಹತ್ತು ಹದಿನೈದು ಗ್ರಾಂ ಏನು ಮಹಾ ಅನ್ನಿಸಬಹುದು. ಕೊಬ್ಬರಿ ವ್ಯಾಪಾರದವರನ್ನು ಕೇಳಿ ನೋಡಿ! ಚೆಂಡು ಕೊಟ್ಟ ಅಂಗಡಿಯವರಿಗೆ ಹೋಗಿ ಹೇಳಿದೆ. 'ಬಾಲ್‌ನಲ್ಲೂ ಗಂಡು ಹೆಣ್ಣು ಇರುತ್ತಾ ಮೇಡಂ?' ಅಂತ ನಕ್ಕರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರಿಗೆ ಯಾರು ಹೇಳಬೇಕಿತ್ತು? ದಿನಾ ನಿಮ್ಮ ಆಟದ ಪುಟ ಓದುವವರು ಅವರು. ನಾನೂ ಓದುತ್ತೇನೆ. ಇಷ್ಟು ವರ್ಷದಲ್ಲಿ ಇದನ್ನು ಅಲ್ಲಿ ಓದಿದ ನೆನಪು ನನಗಿಲ್ಲ.

ಮಹಿಳಾ ಟಿ20 (ಇಪ್ಪತ್ತು ಓವರಿನ ಕ್ರಿಕೆಟ್) ಬೆಳೆಯುತ್ತಿದೆ ಅಂತ ನೀವು ಆಗಾಗ ಬರೆಯುತ್ತೀರಿ, ಮಹಿಳಾ ದಿನ ಮಾರ್ಚ್ 8ರ ಸುತ್ತಮುತ್ತ ಸ್ವಲ್ಪ ಜಾಸ್ತಿ. ಬೆಳೆದಿರುವುದು ನಿಜವೇ. ಆದರೆ ಅದನ್ನೆಲ್ಲ ಓದಿದರೆ ಗಂಡಸರು ಮುಂದೆ ಹೋದರು, ಹೆಂಗಸರು ಸೆರಗು ಸಿಕ್ಕಿಸಿಕೊಂಡು ಹಿಂದೆ ಓಡಿದರು ಅನ್ನುವ ಹಾಗಿರುತ್ತದೆ. ತಾರೀಕು ನೋಡಿ ಸ್ವಾಮಿ. ಜಗತ್ತಿನ ಮೊದಲ ಅಂತರರಾಷ್ಟ್ರೀಯ ಟಿ20 ನಡೆದದ್ದು 2004ರ ಆಗಸ್ಟ್ 5ರಂದು, ಇಂಗ್ಲೆಂಡಿನ ಹೋವ್‌ನಲ್ಲಿ. ಆಡಿದವರು ಇಂಗ್ಲೆಂಡ್, ನ್ಯೂಜಿಲೆಂಡ್ ಹೆಣ್ಣುಮಕ್ಕಳು. ಗಂಡಸರ ಮೊದಲ ಪಂದ್ಯ ಆಗಿದ್ದು 2005ರ ಫೆಬ್ರುವರಿಯಲ್ಲಿ, ಆಕ್ಲೆಂಡ್‌ನಲ್ಲಿ. ನಮ್ಮ ದೇಶದ್ದೂ ಅದೇ ಕಥೆ. 2006ರ ಆಗಸ್ಟ್‌ನಲ್ಲಿ ಮಿಥಾಲಿ ರಾಜ್ ತಂಡ ಡರ್ಬಿಯಲ್ಲಿ ಇಂಗ್ಲೆಂಡನ್ನು ಸೋಲಿಸಿದಾಗ ನಮ್ಮ ಗಂಡಸರ ತಂಡ ಇನ್ನೂ ಒಂದು ಟಿ20 ಕೂಡ ಆಡಿರಲಿಲ್ಲ, ಅವರ ಸರದಿ ಬಂದಿದ್ದು ಡಿಸೆಂಬರ್ 1ಕ್ಕೆ. (ಡರ್ಬಿಗೂ ನಮ್ಮ ಹೆಣ್ಣುಮಕ್ಕಳಿಗೂ ಏನೋ ಋಣ ಇದೆ. 2017ರ ಏಕದಿನ ವಿಶ್ವಕಪ್‌ನಲ್ಲಿ ಹರ್ಮನ್‌ಪ್ರೀತ್ ಆಸ್ಟ್ರೇಲಿಯಾಕ್ಕೆ ಔಟಾಗದೆ 171 ಹೊಡೆದದ್ದೂ ಅಲ್ಲೇ.)

ಆಮೇಲೆ ಹೆಂಗಸರ ಟಿ20 ವಿಶ್ವಕಪ್. 2009ರಲ್ಲಿ ಶುರುವಾದಾಗ ಎಂಟು ತಂಡ. 2016ರವರೆಗೂ ಗಂಡಸರ ವಿಶ್ವಕಪ್ಪಿನ ಜೊತೆಗೇ ನಡೆಸಿದರು, ಮದುವೆ ಮನೆಯಲ್ಲಿ ಖರ್ಚು ಉಳಿಯಲಿ ಅಂತ ತಂಗಿಯ ನಾಮಕರಣವನ್ನೂ ಮುಗಿಸಿದ ಹಾಗೆ. 2016ರ ಫೈನಲ್ ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ಮಧ್ಯಾಹ್ನ ಆಯಿತು, ಸಂಜೆ ಅದೇ ಮೈದಾನದಲ್ಲಿ ಗಂಡಸರದ್ದು. ಎರಡನ್ನೂ ವೆಸ್ಟ್ ಇಂಡೀಸ್ ಗೆದ್ದಿತು. ಸಂಜೆಯ ಪಂದ್ಯದ ಕೊನೇ ಓವರಿನ ನಾಲ್ಕು ಸಿಕ್ಸರ್ ಎಲ್ಲರಿಗೂ ಬಾಯಿಪಾಠ. ಮಧ್ಯಾಹ್ನ ಹದಿನೆಂಟು ವರ್ಷದ ಹೇಲಿ ಮ್ಯಾಥ್ಯೂಸ್ 66 ಹೊಡೆದು ಆಸ್ಟ್ರೇಲಿಯಾವನ್ನು ಮಲಗಿಸಿದ್ದು ಎಷ್ಟು ಜನಕ್ಕೆ ನೆನಪಿದೆ? ಹೆಂಗಸರ ಟಿ20 ವಿಶ್ವಕಪ್ ಒಂಟಿಯಾಗಿ ನಡೆದದ್ದು 2018ರಲ್ಲಿ. ಅದಾಗಿ ಎರಡೇ ವರ್ಷಕ್ಕೆ, 2020ರ ಮಾರ್ಚ್ 8ರಂದು, ಮೆಲ್ಬರ್ನ್‌ನಲ್ಲಿ ಫೈನಲ್ ನೋಡಲು 86,174 ಜನ ಬಂದರು. ನಾವು ಸೋತೆವು, ಅದೂ 85 ರನ್ನಿನಿಂದ. ಆದರೂ ಅವತ್ತು ಟಿವಿ ಮುಂದೆ ನಮ್ಮತ್ತೆ ಕೂತಿದ್ದರು. ಐದು ದಿನದ ಆಟವಾಗಿದ್ದರೆ ಅವರು ಕೂರುತ್ತಿರಲಿಲ್ಲ, ಮೂರು ಗಂಟೆಯಲ್ಲಿ ಮುಗಿಯುತ್ತದೆ, ಅಡುಗೆಗೆ ತೊಂದರೆ ಇಲ್ಲ ಅಂತ ಕೂತರು. ಟಿ20 ಬೆಳೆದದ್ದಕ್ಕೆ ದೊಡ್ಡ ದೊಡ್ಡ ಕಾರಣ ಹುಡುಕಬೇಕಿಲ್ಲ, ಇದೂ ಒಂದು.

ಇನ್ನೊಂದು ಕಾರಣ ಬಾಗಿಲು ತೆಗೆದಿದ್ದು. 2018ರ ಜುಲೈ 1ರಿಂದ ಕ್ರಿಕೆಟ್ಟಿನ ವಿಶ್ವ ಸಂಸ್ಥೆ ಐಸಿಸಿ ತನ್ನ ಎಲ್ಲಾ ಸದಸ್ಯ ದೇಶಗಳ ಮಹಿಳಾ ಟಿ20ಗೂ ಅಂತರರಾಷ್ಟ್ರೀಯ ಪಂದ್ಯದ ಮಾನ್ಯತೆ ಕೊಟ್ಟಿತು. ಮೊದಮೊದಲು ತಮಾಷೆಯೂ ಆಯಿತು. 2019ರಲ್ಲಿ ಮಾಲಿ ತಂಡ ರುವಾಂಡಾ ಎದುರು ಬರೀ 6 ರನ್ನಿಗೆ ಆಲೌಟ್. ಅದರಲ್ಲಿ ಐದು ಎಕ್ಸ್‌ಟ್ರಾ, ಬ್ಯಾಟಿನಿಂದ ಬಂದದ್ದು ಒಂದೇ. ರುವಾಂಡಾ ನಾಲ್ಕೇ ಬಾಲ್‌ನಲ್ಲಿ ಗೆದ್ದು ಪಂದ್ಯ ಮುಗಿಸಿತು. ಆ ಸುದ್ದಿ ಮಾತ್ರ ಎಲ್ಲಾ ಕಡೆ ಬಂತು ನೋಡಿ! ಮಾರನೇ ವರ್ಷ ಥಾಯ್ಲೆಂಡ್ ಮೊದಲ ಸಲ ವಿಶ್ವಕಪ್ ಆಡಿತು, ಅದು ಎಲ್ಲೋ ಮೂಲೆಗೆ ಹೋಯಿತು. 2026ರ ವಿಶ್ವಕಪ್‌ಗೆ ತಂಡಗಳು ಹನ್ನೆರಡು. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಗಂಡಸರದ್ದು ಆರು ತಂಡವಾದರೆ ಹೆಂಗಸರದ್ದೂ ಆರು.

ಎಲ್ಲಾ ಲಾಭವೇ ಅಂತ ನಾನು ಹೇಳುವುದಿಲ್ಲ. ನಮ್ಮ ಪಕ್ಕದ ಕಡೂರಿನ ವೇದಾ ಕೃಷ್ಣಮೂರ್ತಿ ದೇಶಕ್ಕೆ 76 ಟಿ20, 48 ಏಕದಿನ ಆಡಿದರು. ದಿನಗಟ್ಟಲೆ ನಡೆಯುವ ಟೆಸ್ಟ್ ಒಂದೂ ಇಲ್ಲ. ಅವರಿಗಿಂತ ಎಷ್ಟೋ ಹಿಂದಿನ ಕಾಲದ ನಮ್ಮ ಶಾಂತಾ ರಂಗಸ್ವಾಮಿ 16 ಟೆಸ್ಟ್ ಆಡಿದ್ದರು. 2014ರ ನವೆಂಬರ್‌ನಲ್ಲಿ ಮೈಸೂರಿನಲ್ಲಿ ದಕ್ಷಿಣ ಆಫ್ರಿಕಾ ಎದುರು ಒಂದು ಟೆಸ್ಟ್ ಆಯಿತು, ತಿರುಷ್ ಕಾಮಿನಿ 192 ಹೊಡೆದರು, ಇನಿಂಗ್ಸ್ ಗೆಲುವು. ಅದಾದ ಮೇಲೆ ನಮ್ಮ ಹೆಣ್ಣುಮಕ್ಕಳಿಗೆ ಮತ್ತೊಂದು ಟೆಸ್ಟ್ ಸಿಕ್ಕಿದ್ದು 2021ರ ಜೂನ್‌ನಲ್ಲಿ. ಆರೂವರೆ ವರ್ಷ! ಚಿಕ್ಕ ಆಟ ದೊಡ್ಡದಾಗುತ್ತಾ ದೊಡ್ಡ ಆಟವನ್ನು ನುಂಗಿತು. ಲೆಗ್ ಸ್ಪಿನ್ನರ್ ತಾಯಿಯಾಗಿ ನನಗೆ ಇದು ಸ್ವಲ್ಪ ಸಂಕಟ, ಟಿ20ಯಲ್ಲಿ ಒಬ್ಬ ಬೌಲರ್‌ಗೆ ಸಿಗುವ ನಾಲ್ಕು ಓವರ್‌ನಲ್ಲಿ ಬ್ಯಾಟರ್‌ಗೆ ಬಲೆ ಬೀಸುವುದಕ್ಕೆ ಸಮಯ ಎಲ್ಲಿದೆ ಅಲ್ವಾ.

ವೇದಾ ವಿಷಯ ಬಂತು. ಅರಸೀಕೆರೆಯಲ್ಲಿ ರೈಲು ಹತ್ತಿದರೆ ಬಾಣಾವರ ದಾಟಿ ಒಂದಷ್ಟು ಹೊತ್ತಿಗೆ ಕಡೂರು. ಇತ್ತ ಬಸ್ ಹತ್ತಿದರೆ ಜಾವಗಲ್. ಜಾವಗಲ್ ಶ್ರೀನಾಥ್ ಆಟ ಬಿಟ್ಟು ಇಪ್ಪತ್ತು ವರ್ಷದ ಮೇಲಾಯಿತು, ಹೆಸರಿನಲ್ಲೇ ಊರು ಇರುವುದರಿಂದ ಇಲ್ಲಿನ ಮಕ್ಕಳಿಗೆ ಇವತ್ತಿಗೂ ಗೊತ್ತು. ವೇದಾ 2017ರ ಏಕದಿನ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ಎದುರು 45 ಬಾಲ್‌ಗೆ 70 ಹೊಡೆದರು (ಅದೂ ಡರ್ಬಿ!), ವಿಜಯಪುರದ ರಾಜೇಶ್ವರಿ ಗಾಯಕ್ವಾಡ್ ಅದೇ ಪಂದ್ಯದಲ್ಲಿ 15 ರನ್ ಕೊಟ್ಟು ಐದು ವಿಕೆಟ್ ತೆಗೆದರು, ಎದುರಾಳಿ 79ಕ್ಕೆ ಗಂಟುಮೂಟೆ ಕಟ್ಟಿದರು. ಆ ವಿಶ್ವಕಪ್ಪಿನ ಲಾರ್ಡ್ಸ್ ಫೈನಲ್‌ನಲ್ಲೂ ವೇದಾ ಇದ್ದರು, ಮೆಲ್ಬರ್ನ್ ಫೈನಲ್‌ನಲ್ಲೂ ಇದ್ದರು. 2025ರ ಜುಲೈನಲ್ಲಿ ನಿವೃತ್ತಿ ಹೇಳಿದರು. ನನ್ನ ಮಗಳ ಜೊತೆ ಆಡುವ ಐದು ಹುಡುಗಿಯರನ್ನು ಕೇಳಿದೆ, ಇಬ್ಬರಿಗೆ ಹೆಸರು ಗೊತ್ತಿತ್ತು. ಕಡೂರಿನವರು ಅಂತ ಒಬ್ಬಳಿಗೂ ಗೊತ್ತಿರಲಿಲ್ಲ. 2025ರಲ್ಲಿ ಕ್ವಾಲಾಲಂಪುರದಲ್ಲಿ 19 ವರ್ಷದೊಳಗಿನ ಹುಡುಗಿಯರ ಟಿ20 ವಿಶ್ವಕಪ್ ಗೆದ್ದ ನಮ್ಮ ತಂಡದ ಕ್ಯಾಪ್ಟನ್ ಕರ್ನಾಟಕದವರೇ, ನಿಕಿ ಪ್ರಸಾದ್. ಅದನ್ನೂ ನನ್ನ ಮಗಳು ನನಗೆ ಹೇಳಬೇಕಾಯಿತು.

ಆರ್‌ಸಿಬಿ ವಿಷಯ ಬಿಡುವ ಹಾಗೇ ಇಲ್ಲ. 'ಈ ಸಲ ಕಪ್ ನಮ್ದೇ' ಅಂತ ಹದಿನಾರು ವರ್ಷ ಗಂಟಲು ಹರಿದುಕೊಂಡೆವು. ಕೊನೆಗೆ ಕಪ್ ತಂದುಕೊಟ್ಟವರು ಸ್ಮೃತಿ ಮಂಧಾನ ತಂಡದವರು, 2024ರ ಮಾರ್ಚ್‌ನಲ್ಲಿ, ಮಹಿಳಾ ಲೀಗ್ ಶುರುವಾದ ಎರಡನೇ ವರ್ಷಕ್ಕೇ. ಶ್ರೇಯಾಂಕಾ ಪಾಟೀಲ್ ಫೈನಲ್‌ನಲ್ಲಿ ನಾಲ್ಕು ವಿಕೆಟ್. ಅವತ್ತು ರಾತ್ರಿ ನಮ್ಮ ಬೀದಿಯಲ್ಲಿ ಒಂದೇ ಒಂದು ಸರ ಪಟಾಕಿ ಹೊಡೆದರು, ಹೊಡೆದಿದ್ದು ನನ್ನ ಮಗಳು. 2025ರ ಜೂನ್‌ನಲ್ಲಿ ಗಂಡಸರು ಗೆದ್ದಾಗ ಬೆಳಗಿನ ಜಾವದವರೆಗೆ ನಿದ್ದೆ ಇಲ್ಲ.

ದುಡ್ಡಿನ ಮಾತು ಬಹಳ ಆಗಿದೆ, ಚುಟುಕಾಗಿ ಹೇಳುತ್ತೇನೆ. ಭಾರತ ತಂಡದ ಹೆಂಗಸರಿಗೂ ಗಂಡಸರಿಗೂ ಈಗ ಟಿ20 ಪಂದ್ಯಕ್ಕೆ ಒಂದೇ ಶುಲ್ಕ, 3 ಲಕ್ಷ ರೂಪಾಯಿ. 2022ರಲ್ಲಿ ಬಿಸಿಸಿಐ ಹೀಗೆ ಮಾಡಿತು. ಒಳ್ಳೆಯದೇ. ಆದರೆ ಆ 3 ಲಕ್ಷದವರೆಗೆ ಹೋಗುವ ದಾರಿ ಅರಸೀಕೆರೆಯಲ್ಲಿ ಎಲ್ಲಿಂದ ಶುರುವಾಗುತ್ತದೆ? ಒಂದು ಸಲ ಆಲೂರಿನ ಮೈದಾನದಲ್ಲಿ ಆಯ್ಕೆ ಇದೆ ಅಂತ ಯಾರೋ ಮೆಸೇಜ್ ಕಳಿಸಿದರು. ನಮ್ಮ ಮನೆಯವರು ಖುಷಿಯಾಗಿ, ಹಾಸನ ದಾಟಿದರೆ ಆಲೂರು, ಬೆಳಿಗ್ಗೆ ಹೋಗಿ ಮಧ್ಯಾಹ್ನ ಬರಬಹುದು ಅಂದರು. ಅದು ನಮ್ಮ ಜಿಲ್ಲೆಯ ಆಲೂರಲ್ಲ, ಬೆಂಗಳೂರಿನ ಹತ್ತಿರದ ಆಲೂರು! ಇಲ್ಲಿ ಊರಿನ ಮೈದಾನದಲ್ಲಿ ಸುಗ್ಗಿ ಮುಗಿದ ಮೇಲೆ ಆ ಕಪ್ಪು ಈ ಕಪ್ಪು ಅಂತ ಟೆನಿಸ್ ಬಾಲ್ ಟೂರ್ನಿಗಳ ಜಾತ್ರೆ. ಲೈಟು, ಮೈಕು, ಆಳೆತ್ತರದ ಬ್ಯಾನರು. ಆ ನಾಲ್ಕೈದು ದಿನ ಹುಡುಗಿಯರ ಪ್ರಾಕ್ಟೀಸ್ ಬಂದ್. ಆರು ಜನ ಹುಡುಗಿಯರು ಬೌಂಡರಿ ಹಗ್ಗದ ಆಚೆ, ಬೈಕ್ ನಿಲ್ಲಿಸುವ ಜಾಗದಲ್ಲಿ ಕ್ಯಾಚ್ ಹಿಡಿದುಕೊಂಡಿರುತ್ತಾರೆ. ಟೂರ್ನಿ ಬೇಡ ಅನ್ನುತ್ತಿಲ್ಲ, ಗಲಾಟೆ ನನಗೂ ಇಷ್ಟ. ಫೈನಲ್‌ಗೆ ಮೊದಲು ಹುಡುಗಿಯರಿಗೆ ಒಂದು ಹತ್ತು ಓವರ್ ಆಟ ಇಟ್ಟರೆ ಏನು ಕಳೆದುಹೋಗುತ್ತದೆ ಅಂತ ಕೇಳಿದೆ. 'ನೋಡೋಣ ಅಕ್ಕ' ಅಂದಿದ್ದಾರೆ. ಎರಡು ವರ್ಷದಿಂದ ನೋಡುತ್ತಲೇ ಇದ್ದಾರೆ.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. 2025ರ ನವೆಂಬರ್ 2ರಂದು ನಮ್ಮ ತಂಡ ಏಕದಿನ ವಿಶ್ವಕಪ್ ಗೆದ್ದಾಗ ಮುಖಪುಟ ತುಂಬ ಹಾಕಿದಿರಿ, ಆ ಪೇಪರ್ ಇನ್ನೂ ನಮ್ಮ ಬೀರುವಿನಲ್ಲಿದೆ. ಆದರೆ ಟಿ20 ವಿಶ್ವಕಪ್ 2024ರವರೆಗೆ ಒಂಬತ್ತು ಸಲ ಆಗಿ, ಆಸ್ಟ್ರೇಲಿಯಾ ಆರು ಸಲ ಗೆದ್ದು, ನಮಗೆ ಒಂದೂ ಸಿಕ್ಕಿರಲಿಲ್ಲ. ಯಾಕೆ ಅಂತ ಬರೆದಿದ್ದೀರಾ? ಮಾಮೂಲಿ ದಿನ 'ಮಹಿಳೆಯರಿಗೆ ಜಯ' ಅಂತ ಮೂರು ಸಾಲು, ರಾಶಿಭವಿಷ್ಯದ ಪಕ್ಕ. ಯಾರು ಎಷ್ಟು ಹೊಡೆದರು ಅಂತ ಇರುತ್ತದೆ, ಹೇಗೆ ಅಂತ ಇರುವುದಿಲ್ಲ. ಯಾರೋ ಚೆನ್ನಾಗಿ ಆಡಿದರೆ 'ಲೇಡಿ ಸೆಹ್ವಾಗ್' ಅಂತ ಒಂದು ಹೆಸರು ಅಂಟಿಸುತ್ತೀರಿ, ಶೆಫಾಲಿ ವರ್ಮಾ ಅಂದರೆ ಸಾಕಲ್ಲ, ಅಪ್ಪ ಅಮ್ಮ ಇಟ್ಟ ಹೆಸರು ಚೆನ್ನಾಗೇ ಇದೆ.

ನನಗೆ ಹೆಚ್ಚು ಪುಟ ಬೇಡ. ಪೂರ್ತಿ ಸ್ಕೋರ್‌ಬೋರ್ಡ್ ಹಾಕಿ, ಬೌಲರ್‌ಗಳ ಲೆಕ್ಕದ ಸಮೇತ. ನನ್ನ ಮಗಳು ಮೊದಲು ನೋಡುವುದೇ ಅದನ್ನು. ಆಯ್ಕೆ ಎಲ್ಲಿ, ಯಾವತ್ತು, ಯಾವ ಆಲೂರಿನಲ್ಲಿ ಅಂತ ಒಂದು ವಾರ ಮುಂಚೆ ಹಾಕಿ. ಮತ್ತೆ ಆ ಚೆಂಡಿನ ತೂಕ. ಒಂದು ಸಣ್ಣ ಬಾಕ್ಸ್‌ನಲ್ಲಿ ಹಾಕಿದರೂ ಸಾಕು, ನಮ್ಮ ಅಂಗಡಿಯವರು ಕತ್ತರಿಸಿ ಗಲ್ಲಾಪೆಟ್ಟಿಗೆ ಮೇಲೆ ಅಂಟಿಸುತ್ತೇನೆ ಅಂತ ಮಾತು ಕೊಟ್ಟಿದ್ದಾರೆ.

ಹೊಸ ಚೆಂಡು ಬೆಂಗಳೂರಿನಿಂದ ಬಸ್ ಪಾರ್ಸಲ್‌ನಲ್ಲಿ ಕಳೆದ ಗುರುವಾರ ಬಂತು. ಬಿಚ್ಚಿದ ತಕ್ಷಣ ಮಂಡಿಯ ಹಮಾಲರೆಲ್ಲ ಸೇರಿ ತಕ್ಕಡಿಗೆ ಇಟ್ಟರು. 146 ಗ್ರಾಂ. ಹಿತ್ತಲಿನಲ್ಲಿ ಮಗಳು ಹಾಕಿದ ಮೂರನೇ ಬಾಲ್ ತೆಂಗಿನ ಬುಡಕ್ಕೆ ಬಿದ್ದು ಎಡಕ್ಕೆ ತಿರುಗಿ, ನಮ್ಮತ್ತೆ ಒಣ ಹಾಕಿದ್ದ ಹಪ್ಪಳದ ಮೇಲೆ ಹೋಯಿತು. ಹಪ್ಪಳದ ಜಗಳ ಇನ್ನೂ ಮುಗಿದಿಲ್ಲ.

ಇತಿ,
ನಿಮ್ಮ ಹಳೇ ಓದುಗಳು,
ಅರಸೀಕೆರೆ, ಹಾಸನ ಜಿಲ್ಲೆ