ನೀರಿನ ಗಂಟೆಯ ಬಗ್ಗೆ ಪೋಷಕರಿಗೆ ಪತ್ರ

ಪ್ರೀತಿಯ ಪೋಷಕರೇ,

ಮಕ್ಕಳೆಲ್ಲ ನೀರು ಕುಡಿಯಲಿ ಎಂದು ಶಾಲೆಯಲ್ಲಿ ದಿನಕ್ಕೆ 4 ಸಲ ನೀರಿನ ಗಂಟೆ ಹೊಡೆಯಲು ಶುರು ಮಾಡಿ ಎರಡು ವಾರವಾಯಿತು. ನಿಮ್ಮಲ್ಲಿ ಹಲವರು ಬೇಸರ ಹೇಳಿಕೊಂಡಿದ್ದೀರಿ. ಪಾಠದ ಮಧ್ಯೆ ಸುಮ್ನೆ ಸಮಯ ಹಾಳು ಎಂದು ಕೆಲವರು. ಬಾಯಾರಿದರೆ ಮಗುವೇ ಕುಡಿಯುತ್ತದೆ, ಟೀಚರ್ ಎದುರು ನಿಂತು ಕುಡಿಸುವುದೇಕೆ ಎಂದು ಇನ್ನು ಕೆಲವರು. ನೀರೇ ಇಲ್ಲದ ಬರಗಾಲದಲ್ಲಿ ಜಾಸ್ತಿ ಕುಡಿಸಿ ಶೌಚಾಲಯಕ್ಕೂ ಜಾಸ್ತಿ ನೀರು ಸುರಿಯುವುದು ಯಾವ ಲೆಕ್ಕ ಎಂದು ಒಬ್ಬರು ಕೇಳಿದರು. ಕೇಳಬೇಕಾದ ಪ್ರಶ್ನೆಯೇ.

ಕಳೆದ ತಿಂಗಳು ಎಂಟನೇ ತರಗತಿಯ ಹುಡುಗಿಯೊಬ್ಬಳು ಕೊನೆಯ ಪೀರಿಯಡ್‌ನಲ್ಲಿ ತಲೆ ಸುತ್ತಿ ಬಿದ್ದಳು. ಅವಳು ಬಿಸಿಲಲ್ಲಿ ಆಡಿರಲಿಲ್ಲ. ಬೆಳಗ್ಗೆ ತಂದ ಬಾಟಲಿ ಚೀಲದಲ್ಲಿ ತುಂಬಿದ ಹಾಗೇ ಇತ್ತು. ಯಾಕಮ್ಮಾ ಕುಡಿದಿಲ್ಲ ಎಂದಾಗ ತಲೆ ತಗ್ಗಿಸಿ, "ಕುಡಿದ್ರೆ ಟಾಯ್ಲೆಟ್‌ಗೆ ಹೋಗ್ಬೇಕಾಗುತ್ತೆ ಮಿಸ್" ಎಂದಳು. ಆಮೇಲೆ ಬೇರೆ ಮಕ್ಕಳನ್ನೂ ವಿಚಾರಿಸಿದೆ. ದೊಡ್ಡ ತರಗತಿಯ ಎಷ್ಟೋ ಹುಡುಗಿಯರು ಬೆಳಗ್ಗೆಯಿಂದ ಶಾಲೆ ಬಿಡುವವರೆಗೆ ಒಂದು ಗುಟುಕೂ ಕುಡಿಯುತ್ತಿರಲಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇದರಲ್ಲಿ ನಮ್ಮ ತಪ್ಪಿದೆ. ಕೊಳವೆಬಾವಿಯ ನೀರು ಇಳಿದಾಗ ನಾವು ಅರ್ಧ ಶೌಚಾಲಯಗಳಿಗೆ ಬೀಗ ಹಾಕಿದೆವು. ಕುಡಿಯುವ ನೀರು ಮೊದಲು ಉಳಿಯಲಿ ಎಂಬ ಉದ್ದೇಶ ಇತ್ತು, ಆ ಹೊತ್ತಿಗೆ ಬೇರೆ ದಾರಿಯೂ ಕಾಣಲಿಲ್ಲ. ಆದರೆ ಉಳಿದವುಗಳ ಮುಂದೆ ಸಾಲು ಬೆಳೆಯಿತು, ವಾಸನೆ ಬಂತು, ಮಕ್ಕಳು ನೀರು ಕುಡಿಯುವುದನ್ನೇ ಬಿಟ್ಟರು. ಈಗ ಬೀಗಗಳನ್ನೆಲ್ಲ ತೆಗೆದಿದ್ದೇವೆ. ಮೈದಾನಕ್ಕೆ ನೀರು ಬಿಡುವುದನ್ನು ಪೂರ್ತಿ ನಿಲ್ಲಿಸಿದ್ದೇವೆ. ಕೈ ತೊಳೆದ ನೀರನ್ನು ಡ್ರಮ್ಮಿನಲ್ಲಿ ಹಿಡಿದು ಶೌಚಾಲಯಕ್ಕೆ ಹಾಕುತ್ತೇವೆ. ನೆಲ ಒರೆಸುವುದು ವಾರಕ್ಕೆ ಎರಡೇ ಸಲ. ಯೂನಿಫಾರ್ಮ್‌ಗೆ ಧೂಳು ಮೆತ್ತುತ್ತಿದೆ ಎಂದು ನೀವು ಹೇಳಿದ್ದು ನಿಜ, ಮಳೆ ಬರುವವರೆಗೆ ಅದನ್ನು ಸಹಿಸಿಕೊಳ್ಳಿ. ಒಂದು ತರಗತಿಯ ಮಕ್ಕಳೆಲ್ಲ ಸೇರಿ ದಿನವಿಡೀ ಕುಡಿಯುವ ನೀರಿಗಿಂತ ಎಷ್ಟೋ ಪಟ್ಟು ನೀರನ್ನು ನಾವು ಒಂದೇ ಸಂಜೆ ಮೈದಾನಕ್ಕೆ ಬಿಡುತ್ತಿದ್ದೆವು. ಉಳಿಸುವುದಾದರೆ ಅಲ್ಲಿ ಉಳಿಸೋಣ, ಮಕ್ಕಳ ಬಾಯಿಂದ ಬೇಡ.

ಬಾಯಾರಿದಾಗ ಕುಡಿಯಲಿ ಎಂಬ ಮಾತಿಗೆ ಬರುತ್ತೇನೆ. ಬಾಯಾರಿಕೆ ತಡವಾಗಿ ಬರುತ್ತದೆ. ಅದು ಗೊತ್ತಾಗುವ ಹೊತ್ತಿಗೆ ಮೈಯಲ್ಲಿ ನೀರು ಆಗಲೇ ಕಡಿಮೆಯಾಗಿರುತ್ತದೆ. ಆಟ, ಮಾತು, ಬರವಣಿಗೆಯ ನಡುವೆ ಮಕ್ಕಳಿಗೆ ಅದರ ಕಡೆ ಗಮನವೂ ಇರುವುದಿಲ್ಲ. "ನನ್ನ ಮಗ ಬೆವರುವುದೇ ಇಲ್ಲ" ಎಂದು ಒಬ್ಬ ತಾಯಿ ಹೇಳಿದರು. ಬೆವರುತ್ತಾನೆ ಅಮ್ಮಾ. ಇಂಥ ಒಣ ಗಾಳಿಯಲ್ಲಿ ಬೆವರು ಬಂದ ಕೂಡಲೇ ಆರಿಹೋಗುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಬೆವರು ಆರುವುದರಿಂದಲೇ ಮೈ ತಂಪಾಗುವುದು. ನೀರು ಕಡಿಮೆಯಾದರೆ ಬೆವರೂ ಕಡಿಮೆ, ಒಳಗಿನ ಬಿಸಿ ಏರುತ್ತದೆ. ಮಕ್ಕಳಿಗೆ ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ಜಾಸ್ತಿ, ಹಾಗಾಗಿ ಹೊರಗಿನ ಬಿಸಿ ನಮಗಿಂತ ಬೇಗ ಅವರ ಮೈಗೆ ಸೇರುತ್ತದೆ. 37 ಡಿಗ್ರಿಯ ಆಸುಪಾಸು ಇರಬೇಕಾದ ಮೈ ಬಿಸಿಲ ಝಳಕ್ಕೆ 40 ಮುಟ್ಟಿ, ಮಗುವಿನ ಮಾತು ತೊದಲತೊಡಗಿದರೆ ಆಸ್ಪತ್ರೆಗೆ ಓಡಬೇಕು.

ನಾವೂ ಬಿಸಿಲಲ್ಲೇ ಬೆಳೆದವರಲ್ವಾ ಎನ್ನುತ್ತೀರಿ. ಹೌದು, ನಾನೂ ಬೆಳೆದೆ. ಆದರೆ ಬಿಸಿಲು ಅದೇ ಅಲ್ಲ. 2015ರಿಂದ 2024ರವರೆಗಿನ ಹತ್ತು ವರ್ಷಗಳೇ ಭೂಮಿಯ ಅಲ್ಲಿಯವರೆಗಿನ ದಾಖಲೆಯಲ್ಲಿ ಅತಿ ಬಿಸಿಯಾದ ಹತ್ತು ವರ್ಷಗಳು ಎಂದು ವಿಶ್ವ ಹವಾಮಾನ ಸಂಸ್ಥೆ ಹೇಳಿದೆ. ಜೊತೆಗೆ ಬರ. ನೆಲ ಹಸಿಯಾಗಿದ್ದರೆ ಬಿಸಿಲಿನ ಒಂದಷ್ಟು ಶಕ್ತಿ ಆ ತೇವ ಆರಿಸುವುದರಲ್ಲೇ ಖರ್ಚಾಗುತ್ತದೆ. ಒಣಗಿದ ನೆಲದಲ್ಲಿ ಆರಿಸಲು ಏನೂ ಇಲ್ಲ, ಅಷ್ಟೂ ಬಿಸಿ ನೆಲಕ್ಕೆ, ಗಾಳಿಗೆ. ಸುದ್ದಿಯಲ್ಲಿ ಹೇಳುವ ಉಷ್ಣತೆ ನೆರಳಲ್ಲಿ ಅಳೆದದ್ದು, ಮೈದಾನದ ಬಿಸಿಲಿನ ಝಳ ಅದಕ್ಕಿಂತ ಜಾಸ್ತಿ.

ಪಾಠದ ಚಿಂತೆ ನನಗೂ ಇದೆ. ದಿನಕ್ಕೆ ಹೋಗುವುದು 20 ನಿಮಿಷ. ನೀರು ಕಡಿಮೆಯಾದ ಮಗುವಿಗೆ ತಲೆನೋವು, ಮಂಪರು. ಎದುರಿಗೆ ಕೂತಿರುತ್ತದೆ, ಪಾಠ ತಲೆಗೆ ಹತ್ತುವುದಿಲ್ಲ. ಹಾಗಾಗಿ ಗಂಟೆ ನಿಲ್ಲುವುದಿಲ್ಲ. ಯಾರನ್ನೂ ಗದರಿಸಿ ಕುಡಿಸುತ್ತಿಲ್ಲ, ನಾಲ್ಕು ಗುಟುಕು ಕುಡಿದರೆ ಸಾಕು. ಟೀಚರುಗಳೂ ಮಕ್ಕಳ ಜೊತೆಗೇ ಕುಡಿಯುತ್ತಾರೆ. ಮೂತ್ರಪಿಂಡ ಅಥವಾ ಹೃದಯದ ತೊಂದರೆಯಿಂದ ನೀರು ಮಿತವಾಗಿರಲಿ ಎಂದು ಡಾಕ್ಟರ್ ಹೇಳಿದ್ದರೆ ತರಗತಿ ಶಿಕ್ಷಕರಿಗೆ ತಿಳಿಸಿ, ಡಾಕ್ಟರ್ ಹೇಳಿದಷ್ಟನ್ನೇ ಪಾಲಿಸುತ್ತೇವೆ. ನಿಮ್ಮ ಮಗುವನ್ನು ನಿಮಗಿಂತ ಚೆನ್ನಾಗಿ ಬಲ್ಲೆವು ಎಂದು ನಾವು ಅಂದುಕೊಂಡಿಲ್ಲ.

ನೀವು ಮಾಡಬೇಕಾದ್ದು ಇಷ್ಟೇ: ಸಂಜೆ ಮಗುವಿನ ಚೀಲ ತೆಗೆದು ಬಾಟಲಿ ಖಾಲಿಯಾಗಿದೆಯೇ ನೋಡಿ.

ತುಂಬಿದ ಹಾಗೇ ಇದ್ದರೆ ಬೈಯಬೇಡಿ. ಯಾಕೆ ಎಂದು ಮೆಲ್ಲಗೆ ಕೇಳಿ, ಹೇಳಿದ್ದನ್ನು ನನಗೆ ತಿಳಿಸಿ. ಶೌಚಾಲಯ ಸರಿಯಿಲ್ಲ ಎಂಬುದೇ ಕಾರಣವಾದರೆ ಅದನ್ನೂ ಮುಚ್ಚುಮರೆಯಿಲ್ಲದೆ ಹೇಳಿ. ಅವತ್ತೇ ಹೋಗಿ ನೋಡುತ್ತೇನೆ.

ನಿಮ್ಮ,
ಮುಖ್ಯ ಶಿಕ್ಷಕಿ